ತೊಟ್ಟಿಲು ಬೇರೆ ಕಡೆ ಇಳಿದಿದ್ದರೆ?

ಸೂಪರ್‌ಮ್ಯಾನ್ ಆಕಾಶದಲ್ಲಿ ಹಾರುವುದು, ಕಾರನ್ನು ತಲೆಯ ಮೇಲೆತ್ತುವುದು ಮಕ್ಕಳಿಗೆ ಇಷ್ಟ. ನನಗೆ ಇಷ್ಟವಾಗುವುದು ಅವನ ತೊಟ್ಟಿಲು. ಕ್ರಿಪ್ಟಾನ್ ಎಂಬ ಗ್ರಹ ಸಿಡಿದು ಚೂರಾಗುವ ಹೊತ್ತಿನಲ್ಲಿ ತಂದೆತಾಯಿ ತಮ್ಮ ಕೂಸನ್ನು ಪುಟ್ಟ ರಾಕೆಟ್ಟಿನಲ್ಲಿ ಮಲಗಿಸಿ ಭೂಮಿಯ ಕಡೆಗೆ ಬಿಡುತ್ತಾರೆ. ಅದು ಬೀಳುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಹೊಲವೊಂದರಲ್ಲಿ. ಮಕ್ಕಳಿಲ್ಲದ ರೈತ ದಂಪತಿ ಜೊನಾಥನ್ ಮತ್ತು ಮಾರ್ಥಾ ಕೆಂಟ್ ಕೂಸನ್ನು ಎತ್ತಿಕೊಂಡು, ಕ್ಲಾರ್ಕ್ ಎಂದು ಹೆಸರಿಟ್ಟು ಸಾಕುತ್ತಾರೆ. ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣನನ್ನು ರಾಧೆ ಮಡಿಲಿಗೆ ಹಾಕಿಕೊಂಡ ಕಥೆ ಕೇಳಿ ಬೆಳೆದ ನಮಗೆ ಇದೇನೂ ಅಪರಿಚಿತವಲ್ಲ.

ಅದೇ ರಾಕೆಟ್ಟು ಬೇರೆಲ್ಲೋ ಬಿದ್ದಿದ್ದರೆ? ಸೂಪರ್‌ಮ್ಯಾನ್ ಪುಸ್ತಕಗಳ ಪ್ರಕಾಶಕರಾದ ಡಿಸಿ ಕಾಮಿಕ್ಸ್‌ನವರೇ ಈ ಪ್ರಶ್ನೆ ಕೇಳಿಕೊಂಡರು. 'ಎಲ್ಸ್‌ವರ್ಲ್ಡ್ಸ್' ಎಂಬ ಹೆಸರಿನಲ್ಲಿ ಅವರು ತಂದ ಪುಸ್ತಕಗಳಲ್ಲಿ ಲೋಕವೇ ಬೇರೆ. ಮೂಲ ಕಥೆಯ ಹಂಗು ಅವಕ್ಕಿಲ್ಲ.

ಅವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು 2003ರ 'ರೆಡ್ ಸನ್'. ಬರೆದವರು ಸ್ಕಾಟ್ಲೆಂಡಿನ ಮಾರ್ಕ್ ಮಿಲ್ಲರ್. ಸ್ವಲ್ಪ ದೊಡ್ಡ ಮಕ್ಕಳು ಓದುವಂಥ ಪುಸ್ತಕ. (ಸನ್ ಎಂದರೆ ಇಲ್ಲಿ ಮಗ, ಆದರೆ ಕ್ರಿಪ್ಟಾನಿನ ಸೂರ್ಯನೂ ಕೆಂಪೇ!) ಕೆಲವು ಗಂಟೆಗಳ ವ್ಯತ್ಯಾಸದಲ್ಲಿ ಭೂಮಿ ತಿರುಗಿರುತ್ತದೆ, ರಾಕೆಟ್ಟು ಸೋವಿಯತ್ ಒಕ್ಕೂಟದ ಉಕ್ರೇನಿನ ಸಾಮೂಹಿಕ ಹೊಲದಲ್ಲಿ ಬೀಳುತ್ತದೆ. ಅದೂ ರೈತರ ನಾಡೇ. ಆದರೆ ಹುಡುಗ ಬೆಳೆದಾಗ ಎದೆಯ ಮೇಲೆ 'ಎಸ್' ಅಕ್ಷರವಿಲ್ಲ, ಸುತ್ತಿಗೆ ಮತ್ತು ಕುಡುಗೋಲು ಇದೆ.

ಇವನೇನು ಕೆಟ್ಟವನೇ? ಅಲ್ಲ. ಕಥೆಯ ಬಿಗಿ ಇರುವುದೇ ಅಲ್ಲಿ. ಸ್ಟಾಲಿನ್ ಸತ್ತ ಮೇಲೆ ದೇಶದ ಆಡಳಿತ ವಹಿಸಿಕೋ ಎಂದರೆ ಇವನು ಮೊದಲು ಒಲ್ಲೆ ಎನ್ನುತ್ತಾನೆ. ಆಮೇಲೆ ಒಂದು ದಿನ ಬಾಲ್ಯದ ಗೆಳತಿ ಲಾನಾ ಹಸಿದ ಮಕ್ಕಳೊಂದಿಗೆ ಊಟದ ಸಾಲಿನಲ್ಲಿ ನಿಂತಿರುವುದನ್ನು ಕಾಣುತ್ತಾನೆ. ಕರುಳು ಚುರುಕ್ ಎನ್ನುತ್ತದೆ. ಅವರಿಗಾಗಿಯೇ ಅಧಿಕಾರ ಹಿಡಿಯುತ್ತಾನೆ.

ಮುಂದೆ ಅವನ ರಾಜ್ಯದಲ್ಲಿ ಹಸಿವಿಲ್ಲ, ಕಳ್ಳತನವಿಲ್ಲ, ಅಪಘಾತವಿಲ್ಲ. ಎಲ್ಲರ ಕೈಯಲ್ಲೂ ಕೊಡೆ ಇದೆಯೆಂದು ಖಚಿತವಾಗುವವರೆಗೆ ಮಳೆಯೂ ಬೀಳುವುದಿಲ್ಲ! ಇದನ್ನು ಓದಿ ಹೇಳಿದಾಗ ನನ್ನ ಮೊಮ್ಮಗಳು, "ಅಯ್ಯೋ ಅಜ್ಜಿ, ಹಾಗಾದ್ರೆ ನೆನೆಯೋ ಹಾಗೇ ಇಲ್ವಾ?" ಎಂದಳು. ನೆನೆಯುವ ಹಾಗಿಲ್ಲ. ಎದುರು ಮಾತಾಡುವ ಹಾಗೂ ಇಲ್ಲ. ವಿರೋಧಿಸಿದವರ ತಲೆಗೆ ಯಂತ್ರ ಜೋಡಿಸಿ ಹೇಳಿದಂತೆ ಕೇಳುವವರನ್ನಾಗಿ ಮಾಡುತ್ತಾರೆ. ಮಕ್ಕಳಿಗೆ ನೋವಾಗದಿರಲಿ ಎಂದು ಅವರನ್ನು ಹೊಸಿಲು ದಾಟಲು ಬಿಡದ ಹಿರಿಯರು ನಮ್ಮಲ್ಲೂ ಇದ್ದಾರಲ್ಲ, ನನಗೆ ಅವರ ನೆನಪಾಯಿತು. ಪ್ರೀತಿಯೇನೋ ನಿಜ. ಆದರೆ ಬೇಕೇ ಎಂದು ಕೇಳಿದವರಾರು?

ಅವನನ್ನು ಕಡೆಗೆ ಮಣಿಸುವುದು ಬಾಂಬಲ್ಲ, ಒಂದು ಚೀಟಿ. ಬ್ರೈನಿಯಾಕ್ ಎಂಬ ಯಂತ್ರಬುದ್ಧಿ ಹಿಂದೊಮ್ಮೆ ಸ್ಟಾಲಿನ್‌ಗ್ರಾಡ್ ನಗರವನ್ನೇ ಕುಗ್ಗಿಸಿ ಬಾಟಲಿಯೊಳಗೆ ಇಟ್ಟಿರುತ್ತದೆ. ಅದನ್ನು ಮೊದಲಿನಂತೆ ಮಾಡಲಾಗದ ಕೊರಗು ಸೂಪರ್‌ಮ್ಯಾನನಿಗೆ ಸದಾ ಇದೆ. ಹಾಗಾದರೆ ಇಡೀ ಜಗತ್ತನ್ನೇ ಬಾಟಲಿಗೆ ಹಾಕಬಾರದೇಕೆ ಎಂದು ಎದುರಾಳಿ ಲೆಕ್ಸ್ ಲೂಥರ್ ಚೀಟಿಯಲ್ಲಿ ಕೇಳುತ್ತಾನೆ. ಓದಿದವನು ಕುಸಿದುಹೋಗುತ್ತಾನೆ. ಮುಂದಿನದನ್ನು ಹೇಳಿದರೆ ಓದುವ ಮಕ್ಕಳ ಶಾಪ ತಟ್ಟೀತು.

1993ರ 'ಸ್ಪೀಡಿಂಗ್ ಬುಲೆಟ್ಸ್' ಇಷ್ಟು ದೊಡ್ಡದಲ್ಲ. ಅದರಲ್ಲಿ ಕೂಸು ಸಿಗುವುದು ಗಾಥಮ್ ನಗರದ ಸಿರಿವಂತ ವೇಯ್ನ್ ದಂಪತಿಗೆ, ಅಂದರೆ ಮೂಲ ಕಥೆಯಲ್ಲಿ ಬ್ಯಾಟ್‌ಮ್ಯಾನನ ತಂದೆತಾಯಿಗೆ. ಹುಡುಗನ ಹೆಸರು ಬ್ರೂಸ್. ಹೆತ್ತವರಂತೆಯೇ ಸಾಕಿದವರನ್ನೂ ಕಳೆದುಕೊಳ್ಳುತ್ತಾನೆ. ದರೋಡೆಕೋರನ ಗುಂಡಿಗೆ ಅವರು ಬಲಿಯಾಗುತ್ತಾರೆ. ಗುಂಡು ತಾಗದ ದೇಹ ಅವನದು, ಆದರೆ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ಸಿಟ್ಟಿನಲ್ಲೇ ಬೆಳೆದು, ಕತ್ತಲಲ್ಲಿ ಕಳ್ಳರನ್ನು ನಿರ್ದಯವಾಗಿ ಬಡಿಯುವ ಬ್ಯಾಟ್‌ಮ್ಯಾನ್ ಆಗುತ್ತಾನೆ. ಅವನನ್ನು ಬೆಳಕಿಗೆ ಕರೆಯಲು ಲೋಯಿಸ್ ಲೇನ್ ಬರಬೇಕಾಗುತ್ತದೆ. ಗಮನಿಸಿ, ಈ ತಾಯಿಯ ಹೆಸರೂ ಮಾರ್ಥಾ. ಕಾನ್ಸಾಸಿನ ಮಾರ್ಥಾ ಮಗ ಬೆಳೆಯುವವರೆಗೆ ಜೊತೆಗಿದ್ದಳು, ಈಕೆಗೆ ಆ ಭಾಗ್ಯ ಸಿಗಲಿಲ್ಲ. ನನಗೆ ಕಾಣುವ ವ್ಯತ್ಯಾಸ ಅಷ್ಟೇ.

ನಗಬೇಕೆಂದರೆ 2004ರ 'ಟ್ರೂ ಬ್ರಿಟ್' ಇದೆ. ಹಾಸ್ಯನಟ ಜಾನ್ ಕ್ಲೀಸ್ ಕೈಜೋಡಿಸಿ ಬರೆದದ್ದು. ಇಲ್ಲಿ ಕೂಸು ಇಂಗ್ಲೆಂಡಿನಲ್ಲಿ ಬೆಳೆಯುತ್ತದೆ. ಮಗನಿಗೆ ಹಾರಲು ಬರುತ್ತದೆ ಎಂಬುದಕ್ಕಿಂತ ಅಕ್ಕಪಕ್ಕದವರು ಏನಂದಾರು ಎಂಬುದೇ ಮನೆಯವರ ಚಿಂತೆ. ಇಂಥ ಮನೆಯನ್ನು ನೋಡಲು ಇಂಗ್ಲೆಂಡಿಗೇ ಹೋಗಬೇಕಿಲ್ಲ.

ಇನ್ನೊಂದು ವಿಷಯ ಮೊಮ್ಮಕ್ಕಳಿಗೆ ತಪ್ಪದೆ ಹೇಳಿ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಗೆಳೆಯರು ಸೃಷ್ಟಿಸಿದ ಸೂಪರ್‌ಮ್ಯಾನ್ ಮೊದಲು ಅಚ್ಚಾದದ್ದು 1938ರಲ್ಲಿ. ಆ ಮೊದಲ ಕಥೆಯಲ್ಲಿ ಕೆಂಟ್ ದಂಪತಿ ಇಲ್ಲವೇ ಇಲ್ಲ! ದಾರಿಯಲ್ಲಿ ಹೋಗುತ್ತಿದ್ದ ಕಾರಿನವನೊಬ್ಬ ಕೂಸನ್ನು ಕಂಡು ಅನಾಥಾಲಯಕ್ಕೆ ಒಪ್ಪಿಸುತ್ತಾನೆ, ಅಷ್ಟೇ. ಮರುವರ್ಷ ಅದೇ ಕಥೆಯನ್ನು ಮತ್ತೆ ಹೇಳುವಾಗ ಸೀಗಲ್ ಮತ್ತು ಶುಸ್ಟರ್ ಆ ಕಾರಿನಲ್ಲಿ ವಯಸ್ಸಾದ ದಂಪತಿಯನ್ನು ಕೂರಿಸಿದರು. ಅವರೂ ಕೂಸನ್ನು ಅನಾಥಾಲಯಕ್ಕೇ ಕೊಟ್ಟರು. ಆದರೆ ಬಿಟ್ಟಿರಲಾರದೆ ಮತ್ತೆ ಹೋಗಿ, ಕೇಳಿ, ಮನೆಗೆ ಕರೆತಂದರು.