ಮಕ್ಕಳ ಸೊಂಟಕ್ಕೆ ಕಪ್ಪು ಬೆಲ್ಟ್

ಎಂಟು ಒಂಬತ್ತು ವರ್ಷದ ಮಗುವೊಂದು ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ ಸುದ್ದಿ, ಪ್ರಮಾಣಪತ್ರ ಹಿಡಿದು ನಿಂತ ಭಾವಚಿತ್ರದೊಡನೆ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಅಪರೂಪವೇನಲ್ಲ. ಅದನ್ನು ಕಂಡು ಬೆರಗಾಗುವವರಿದ್ದಾರೆ. ಹತ್ತಾರು ವರ್ಷ ಸಾಧನೆ ಮಾಡಿ ಅದೇ ಬೆಲ್ಟ್ ಕಟ್ಟಿಕೊಂಡವರಲ್ಲಿ ಮೂಗು ಮುರಿಯುವವರೂ ಇದ್ದಾರೆ. ಬೆರಗು ಮತ್ತು ತಿರಸ್ಕಾರ ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ: ಕಪ್ಪು ಬೆಲ್ಟ್ ಎಂಬುದು ಪಾರಂಗತರ ಗುರುತು. ಈ ನಂಬಿಕೆ ಎಲ್ಲಿಂದ ಬಂತೆಂದು ಪರಿಶೀಲಿಸಿದರೆ ವಿವಾದದ ಅರ್ಧಭಾಗ ತಾನಾಗಿ ಸಡಿಲಗೊಳ್ಳುತ್ತದೆ. ಉಳಿಯುವ ಅರ್ಧವಾದರೋ ನಿಜವಾಗಿಯೂ ಗಂಭೀರವಾದುದು.

ಬೆಲ್ಟಿನ ಪದ್ಧತಿ ಬಹುಮಂದಿ ಭಾವಿಸಿರುವಷ್ಟು ಪ್ರಾಚೀನವಲ್ಲ. ಜಪಾನಿನ ಹಳೆಯ ಸಮರಕಲಾ ಪರಂಪರೆಗಳಲ್ಲಿ ಶಿಷ್ಯನ ಪ್ರಗತಿಯನ್ನು ಗುರುತಿಸಲು ಗುರುವು ಬರೆದುಕೊಡುತ್ತಿದ್ದ ಅನುಮತಿ ಪತ್ರಗಳಿದ್ದುವೇ ಹೊರತು ಬಣ್ಣದ ಪಟ್ಟಿಗಳಿರಲಿಲ್ಲ. ವೃತ್ತಿಯಿಂದ ಅಧ್ಯಾಪಕರಾಗಿದ್ದ ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆಯನ್ನು ತೆರೆದು, ಗೊ ಎಂಬ ಮಣೆಯಾಟದಲ್ಲಿ ಬಳಕೆಯಲ್ಲಿದ್ದ 'ದಾನ್' ಎಂಬ ಶ್ರೇಣಿಯನ್ನು ಜೂಡೊಗೆ ಅಳವಡಿಸಿಕೊಂಡರು. ಮರುವರ್ಷ ಮೊದಲ ದಾನ್ ಪಡೆದ ಸೈಗೊ ಶಿರೊ ಮತ್ತು ತೊಮಿತ ತ್ಸುನೆಜಿರೊ ಹದಿನೇಳು ಹದಿನೆಂಟರ ಆಸುಪಾಸಿನ ಹುಡುಗರು. ಅದನ್ನು ಕೊಟ್ಟ ಗುರುವಿಗೂ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ದಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಓಕಿನಾವಾದ ಕಲೆಯಾದ ಕರಾಟೆಯಂತೂ ಈ ಪದ್ಧತಿಯನ್ನು ಜೂಡೊದಿಂದ ಎರವಲು ಪಡೆಯಿತು. ಫುನಕೊಶಿ ಗಿಚಿನ್ ತಮ್ಮ ಶಿಷ್ಯರಿಗೆ ಮೊದಲ ಸಲ ದಾನ್ ನೀಡಿದ್ದು 1924ರಲ್ಲಿ. ಅದಕ್ಕೂ ಎರಡು ದಶಕಗಳ ಹಿಂದೆಯೇ ಇತೊಸು ಆಂಕೊ ಓಕಿನಾವಾದ ಶಾಲಾಮಕ್ಕಳಿಗೆ ಕರಾಟೆ ಕಲಿಸತೊಡಗಿದ್ದರು, ಆದರೆ ಆ ಮಕ್ಕಳ ಸೊಂಟದಲ್ಲಿ ಯಾವ ಬಣ್ಣದ ಬೆಲ್ಟೂ ಇರಲಿಲ್ಲ. ಹಳದಿ, ಕಿತ್ತಳೆ, ಹಸಿರು, ನೀಲಿ ಎಂದು ಇಂದು ಪ್ರತಿ ತರಗತಿಯಲ್ಲೂ ಕಾಣುವ ಬಣ್ಣಗಳ ಮೆಟ್ಟಿಲಿಗೆ ರೂಪ ಬಂದದ್ದು ಯುರೋಪಿನಲ್ಲಿ. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜೂಡೊ ಕಲಿಸುತ್ತಿದ್ದ ಕವಾಯಿಶಿ ಮಿಕಿನೊಸುಕೆ ಅದನ್ನು ಜನಪ್ರಿಯಗೊಳಿಸಿದರು.

ಹುಟ್ಟಿದ ನೆಲದಲ್ಲಿ ಮೊದಲ ದಾನ್ ಇಂದಿಗೂ ಇಂಥ ಸಾಧಾರಣ ಶ್ರೇಣಿಯಾಗಿಯೇ ಉಳಿದಿದೆ. ಕೊಡೊಕಾನ್ ಹದಿನಾಲ್ಕು ತುಂಬಿದವರಿಗೆ ಅದನ್ನು ಕೊಡುತ್ತದೆ. ಬೆಲ್ಟನ್ನೇ ಬಳಸದ ಕೆಂಡೊ ಎಂಬ ಕತ್ತಿವರಸೆಯಲ್ಲಿ ಹದಿಮೂರು ತುಂಬಿದವರು ಅದರ ಪರೀಕ್ಷೆಗೆ ಕೂರಬಹುದು. ಮೂಲಪಾಠಗಳು ಮುಗಿದಿವೆ, ಇನ್ನು ಮುಂದಿನ ಕಲಿಕೆಗೆ ಶಿಷ್ಯ ಸಿದ್ಧನಿದ್ದಾನೆ ಎನ್ನುವುದಷ್ಟೇ ಅದರ ತಾತ್ಪರ್ಯ. ಕನ್ನಡ ನಾಡಿನ ಸಂಗೀತ ಪರೀಕ್ಷೆಗಳಲ್ಲಿ ಜೂನಿಯರ್ ಮುಗಿಸಿದ ಬಾಲಕಿಯನ್ನು ಯಾರೂ ವಿದುಷಿ ಎಂದು ಕರೆಯುವುದಿಲ್ಲ, ಏಕೆಂದರೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಹಂತಗಳ ಅಂತರ ಎಲ್ಲರಿಗೂ ಗೊತ್ತು. ಬ್ಲ್ಯಾಕ್ ಬೆಲ್ಟಿನ ವಿಷಯದಲ್ಲಿ, ಸಿನಿಮಾಗಳ ಕೃಪೆಯೂ ಸೇರಿ, ಜನಸಾಮಾನ್ಯರ ತಿಳಿವಳಿಕೆ ನೇರವಾಗಿ ವಿದ್ವತ್ತಿಗೇ ಹಾರಿಬಿಟ್ಟಿದೆ.

ಹಾಗಾದರೆ ಹತ್ತು ವರ್ಷದ ಮಗುವಿಗೆ ಅದನ್ನು ಕೊಟ್ಟರೆ ತಪ್ಪೇನು ಎಂಬ ಪ್ರಶ್ನೆ ಸಹಜ. ಪಠ್ಯವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ತಪ್ಪೇನೂ ಇಲ್ಲ ಎಂದೇ ಹೇಳಬೇಕಾಗುತ್ತದೆ. ಕಾತಾ, ಅಂದರೆ ಕಾಲ್ಪನಿಕ ಎದುರಾಳಿಯ ವಿರುದ್ಧ ನಿಶ್ಚಿತ ಕ್ರಮದಲ್ಲಿ ಮಾಡುವ ಹೊಡೆತ ತಡೆತಗಳ ಸರಣಿಯನ್ನು, ಚುರುಕಾದ ಮಗು ಹಲವು ವಯಸ್ಕರಿಗಿಂತ ಬೇಗ ಕಲಿತು ಅಂದವಾಗಿ ಮಾಡಿ ತೋರಿಸಬಲ್ಲದು. ತೊಡಕಿರುವುದು ಕುಮಿತೆಯಲ್ಲಿ, ಅಂದರೆ ಜೀವಂತ ಎದುರಾಳಿಯೊಡನೆ ಸೆಣಸುವ ಭಾಗದಲ್ಲಿ. ಮೂವತ್ತು ಕಿಲೋ ತೂಕದ ಮಗುವಿನ ಗುದ್ದು ತಾಂತ್ರಿಕವಾಗಿ ಎಷ್ಟೇ ನಿರ್ದುಷ್ಟವಾಗಿದ್ದರೂ ಎಪ್ಪತ್ತು ಕಿಲೋದ ವಯಸ್ಕನನ್ನು ತಡೆಯಲಾರದು; ಸ್ಪರ್ಧೆಗಳಲ್ಲಿ ವಯಸ್ಸು ಮತ್ತು ತೂಕದ ವರ್ಗಗಳಿರುವುದೇ ಈ ಕಾರಣಕ್ಕೆ. ಬೀದಿಯಲ್ಲಿ ಅಂಥ ವರ್ಗಗಳಿಲ್ಲ. ಆತ್ಮರಕ್ಷಣೆಗೆಂದೇ ಮಗಳನ್ನು ಕರಾಟೆಗೆ ಸೇರಿಸಿದ ಪೋಷಕರು ಅವಳ ಬೆಲ್ಟನ್ನು ರಕ್ಷಣೆಯ ಖಾತರಿ ಎಂದು ತಿಳಿದರೆ, ಅಪಾಯ ಕಂಡಾಗ ಓಡುವುದು, ಕೂಗಿ ನೆರವು ಕರೆಯುವುದು, ನಂಬಿಕಸ್ಥ ಹಿರಿಯರಿಗೆ ತಿಳಿಸುವುದು ಎಂಬ ನಿಜವಾದ ಮೊದಲ ಪಾಠಗಳೇ ಹಿಂದೆ ಸರಿಯುತ್ತವೆ. ಸುಳ್ಳು ಧೈರ್ಯ ಭಯಕ್ಕಿಂತ ಹೆಚ್ಚು ಹಾನಿಕರವಾಗಬಲ್ಲದು.

ದೇಹದ ಮಾತು ಇನ್ನೊಂದು. ಮಕ್ಕಳ ಉದ್ದನೆಯ ಮೂಳೆಗಳ ತುದಿಗಳಲ್ಲಿ ಬೆಳವಣಿಗೆಯ ತಟ್ಟೆಗಳೆಂಬ ಮೃದ್ವಸ್ಥಿಯ ಪದರಗಳಿದ್ದು, ಹದಿಹರೆಯದ ಕೊನೆಗೆ ಬರುವ ಹೊತ್ತಿಗೆ ಅವು ಗಟ್ಟಿಯಾಗಿ ಮೂಳೆಯಲ್ಲಿ ಬೆರೆತುಹೋಗುತ್ತವೆ. ಅದಕ್ಕೂ ಮುನ್ನ ಅಲ್ಲಿ ಆಗುವ ಪೆಟ್ಟು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಸಾಧ್ಯತೆ ಇರುವುದರಿಂದ, ವಯಸ್ಕರ ಬೆಲ್ಟ್ ಪರೀಕ್ಷೆಗಳಲ್ಲಿ ಕೆಲವು ಶಾಲೆಗಳು ಕೇಳುವ ಹಲಗೆ ಒಡೆಯುವ, ಹೆಂಚು ಮುರಿಯುವ ಪ್ರದರ್ಶನಗಳು ಮಕ್ಕಳಿಗೆ ಸಲ್ಲವು. ಅವನ್ನು ಬಿಟ್ಟು ಪರೀಕ್ಷೆ ಮಾಡಿದರೆ ಅದು ವಯಸ್ಕರ ಪರೀಕ್ಷೆಯಾಗುವುದಿಲ್ಲ, ಬಿಡದೆ ಮಾಡಿದರೆ ಮಗುವಿಗೆ ಅನ್ಯಾಯ. ಎರಡು ಬೇರೆ ಬೇರೆ ಪರೀಕ್ಷೆಗಳಿಗೆ ಒಂದೇ ಪ್ರಮಾಣಪತ್ರ ಕೊಡುವ ರೂಢಿಯೇ ಇಲ್ಲಿ ಆಕ್ಷೇಪಾರ್ಹ.

ಬಣ್ಣದ ಬೆಲ್ಟುಗಳು ಮಕ್ಕಳನ್ನು ಹುರಿದುಂಬಿಸುತ್ತವೆ ಎಂಬ ಸಮರ್ಥನೆಯಲ್ಲಿ ಹುರುಳಿದೆ, ಆದರೆ ಅದಕ್ಕೂ ಮಿತಿಯುಂಟು. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ, ಬಿಡಿಸಿದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ಅನಂತರ ಬಹುಮಾನದ ಮಾತಿಲ್ಲದೆ ಬಿಟ್ಟಾಗ ಆ ಗುಂಪಿನ ಮಕ್ಕಳು ಚಿತ್ರ ಬಿಡಿಸಲು ಕಳೆದ ಸಮಯ ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಶಿಶುವಿಹಾರದ ಫಲಿತಾಂಶವನ್ನು ಕರಾಟೆಗೆ ಯಥಾವತ್ತಾಗಿ ಹೊಂದಿಸಲಾಗದು ಎಂಬುದು ದಿಟ. ಆದರೂ ಕಪ್ಪು ಬೆಲ್ಟ್ ಕೈಗೆ ಬಂದ ಕೂಡಲೇ 'ಕರಾಟೆ ಮುಗಿಯಿತು' ಎಂದು ಈಜಿಗೋ ಕೀಬೋರ್ಡಿಗೋ ಹೊರಳುವ ಮಕ್ಕಳ ನಡವಳಿಕೆಯನ್ನು ಇದು ಚೆನ್ನಾಗಿ ವಿವರಿಸುತ್ತದೆ. ಪರೀಕ್ಷಾ ಶುಲ್ಕದಿಂದಲೇ ಬಾಡಿಗೆ ಕಟ್ಟಬೇಕಾದ ತರಗತಿಗಳಲ್ಲಿ ಅನುತ್ತೀರ್ಣರಾಗುವವರು ವಿರಳವಾಗಿರುವುದು ಆಶ್ಚರ್ಯವಲ್ಲ. ಯಾರನ್ನೂ ಹಿಂದಕ್ಕೆ ಕಳುಹಿಸದ ಪರೀಕ್ಷೆ ಏನನ್ನು ಅಳೆಯುತ್ತದೆಂಬುದನ್ನು ಮಾತ್ರ ಕೇಳಲೇಬೇಕು.

ಈ ತೊಡಕನ್ನು ಇತರರು ಬಗೆಹರಿಸಿಕೊಂಡಿರುವ ಬಗೆಗಳು ಗಮನಾರ್ಹ. ಟೇಕ್ವಾಂಡೋದ ಪ್ರಧಾನ ಕೇಂದ್ರವಾದ ದಕ್ಷಿಣ ಕೊರಿಯಾದ ಕುಕ್ಕಿವೊನ್ ಹದಿನೈದರ ಒಳಗಿನವರಿಗೆ ದಾನ್ ಬದಲು 'ಪೂಮ್' ಎಂಬ ಪ್ರತ್ಯೇಕ ಶ್ರೇಣಿಯನ್ನು ನೀಡುತ್ತದೆ. ಅದರ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು; ವಯಸ್ಸು ತುಂಬಿದ ಮೇಲೆ ಪೂಮನ್ನು ದಾನ್ ಆಗಿ ಬದಲಿಸಿಕೊಳ್ಳಬಹುದು. ಬ್ರೆಜಿಲಿಯನ್ ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ ಇನ್ನಷ್ಟು ಬಿಗಿಯಾದುದು: ಹದಿನೈದರವರೆಗೆ ಬೂದು, ಹಳದಿ, ಕಿತ್ತಳೆ, ಹಸಿರು ಬೆಲ್ಟುಗಳಷ್ಟೇ, ನೀಲಿಗೆ ಹದಿನಾರು, ಕಪ್ಪಿಗೆ ಕನಿಷ್ಠ ಹತ್ತೊಂಬತ್ತು ವರ್ಷ ತುಂಬಿರಬೇಕು. ನೆರೆಯ ಕೇರಳದ ಕಳರಿಪಯಟ್ಟಿನಲ್ಲಿ ಸಾಂಪ್ರದಾಯಿಕವಾಗಿ ಏಳರ ವಯಸ್ಸಿಗೇ ಕಲಿಕೆ ಆರಂಭವಾದರೂ ಮಗು ಮೊದಲು ಮೈ ಪಳಗಿಸುವ ವ್ಯಾಯಾಮಗಳನ್ನು, ಆಮೇಲೆ ಮರದ ಆಯುಧಗಳನ್ನು, ಅದಾದ ಮೇಲಷ್ಟೇ ಲೋಹದ ಆಯುಧಗಳನ್ನು ಕಲಿಯುತ್ತದೆ. ಅಲ್ಲಿ ಮುಂದಿನ ಆಯುಧ ಕೈಗೆ ಬರುವುದೇ ಬಡ್ತಿ.

ಈ ಮೂರರಲ್ಲಿ ಕೊರಿಯಾದ ಮಾರ್ಗ ಕರಾಟೆಗೆ ಹೆಚ್ಚು ಹೊಂದುವಂತಿದೆ. ಮಗುವಿನ ಶ್ರಮವನ್ನು ಅದು ಅಲ್ಲಗಳೆಯುವುದಿಲ್ಲ, ಆ ಶ್ರಮದ ಬಗ್ಗೆ ಸುಳ್ಳನ್ನೂ ಹೇಳುವುದಿಲ್ಲ. ಭಾರತದಲ್ಲಿಯೂ ಹಲವು ಕರಾಟೆ ಶಾಲೆಗಳು 'ಜೂನಿಯರ್ ಬ್ಲ್ಯಾಕ್ ಬೆಲ್ಟ್' ಕೊಡುತ್ತವೆಯಾದರೂ, ಹದಿನಾರಕ್ಕೆ ಮರುಪರೀಕ್ಷೆ ಮಾಡುವ ಶಿಸ್ತು ಎಲ್ಲೆಡೆ ಇಲ್ಲದಿರುವುದರಿಂದ 'ಜೂನಿಯರ್' ಎಂಬ ವಿಶೇಷಣ ಸನ್ಮಾನದ ಬ್ಯಾನರಿನ ಮೇಲೆಯೇ ಬಿಟ್ಟುಹೋಗುತ್ತದೆ. ಕರಾಟೆಯಲ್ಲಿ ಪ್ರತಿ ಶೈಲಿ, ಪ್ರತಿ ಸಂಘ ತನ್ನದೇ ಪ್ರಮಾಣಪತ್ರ ಮುದ್ರಿಸುವುದರಿಂದ ಒಂದರ ಕಪ್ಪು ಬೆಲ್ಟ್ ಇನ್ನೊಂದರ ಹಸಿರಿಗೆ ಸಮವಾಗಿರಲೂಬಹುದು. ಆದ್ದರಿಂದ ಮಗುವನ್ನು ಸೇರಿಸುವ ಮುನ್ನ ಪೋಷಕರು ಮಾಸ್ಟರನ್ನು ಕೇಳಬೇಕಾದುದು ಎಷ್ಟು ವರ್ಷದಲ್ಲಿ ಬೆಲ್ಟ್ ಸಿಗುತ್ತದೆ ಎಂದಲ್ಲ. ಕಳೆದ ಪರೀಕ್ಷೆಯಲ್ಲಿ ಎಷ್ಟು ಮಂದಿಯನ್ನು ಮತ್ತೆ ಬರಹೇಳಿದಿರಿ, ಪರೀಕ್ಷಕರು ಹೊರಗಿನವರೇ, ಬ್ಲ್ಯಾಕ್ ಬೆಲ್ಟ್ ಆದ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ಅಭ್ಯಾಸಕ್ಕೆ ಬರುತ್ತಿದ್ದಾರೆ ಎಂದು.