ರಕ್ತ-ಮಿದುಳು ತಡೆ

ರಕ್ತ-ಮಿದುಳು ತಡೆಯು ರಕ್ತದಲ್ಲಿರುವ ವಸ್ತುಗಳು ಮಿದುಳಿಗೆ ಪ್ರವೇಶಿಸುವುದನ್ನು ನಿಯಂತ್ರಿಸುವ ದೇಹವ್ಯವಸ್ಥೆಯಾಗಿದೆ. ವಿಷವೊಂದು ಮಿದುಳನ್ನು ಬಾಧಿಸುವುದೇ, ಔಷಧವೊಂದು ಅಲ್ಲಿಗೆ ತಲುಪುವುದೇ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಮೊದಲಾದ ದ್ರಾಕ್ಷಿ ಬೆಳೆಯುವ ಪ್ರದೇಶಗಳಲ್ಲಿ ಕೀಟನಾಶಕಗಳಿಂದಾಗುವ ಅಪಾಯವನ್ನು ತಿಳಿಯಲು ಈ ವಿಷಯದ ಅರಿವು ಅಗತ್ಯ.

ಇತಿಹಾಸ

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ ಇತರ ಅಂಗಗಳು ಬಣ್ಣಗೊಂಡವು. ಮಿದುಳು ಮಾತ್ರ ಹಾಗೆಯೇ ಉಳಿಯಿತು. ಮಿದುಳು ಬಣ್ಣವನ್ನು ಹೀರಿಕೊಳ್ಳುವುದಿಲ್ಲವೆಂದು ಅವರು ಭಾವಿಸಿದರು. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೇ ಸೇರಿಸಿದರು. ಆಗ ಮಿದುಳು ಬಣ್ಣಗೊಂಡಿತು. ಅಡ್ಡಿ ಇರುವುದು ರಕ್ತ ಮತ್ತು ಮಿದುಳಿನ ನಡುವೆ ಎಂಬುದು ಇದರಿಂದ ಸ್ಪಷ್ಟವಾಯಿತು.

ರಚನೆ ಮತ್ತು ಸಾಗಣೆ

ಮಿದುಳಿನ ಲೋಮನಾಳಗಳ ಒಳಪದರದ ಜೀವಕೋಶಗಳು ಸಂದಿಲ್ಲದಂತೆ ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಆದ್ದರಿಂದ ವಸ್ತುಗಳು ಕೋಶಗಳ ನಡುವೆ ನುಸುಳಲಾರವು, ಕೋಶಗಳನ್ನೇ ದಾಟಬೇಕು. ಆಮ್ಲಜನಕ, ಮದ್ಯಸಾರ ಮತ್ತು ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು ಸುಲಭವಾಗಿ ದಾಟುತ್ತವೆ. ಗ್ಲೂಕೋಸನ್ನು ವಿಶೇಷ ಪ್ರೋಟೀನುಗಳು ಸಾಗಿಸುತ್ತವೆ. ವಿದ್ಯುದಾವೇಶವುಳ್ಳ ಅಣುಗಳು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಕೊರತೆಯಾಗುವ ಡೋಪಮೈನ್ ಈ ತಡೆಯನ್ನು ದಾಟದು; ಅದರ ಪೂರ್ವರೂಪವಾದ ಲೆವೊಡೋಪಾ ದಾಟುತ್ತದೆ. ಆದ್ದರಿಂದ ಅದನ್ನೇ ಔಷಧವಾಗಿ ಕೊಡುತ್ತಾರೆ. ನಸುಗುನ್ನಿ ಬೀಜದಲ್ಲಿಯೂ ಲೆವೊಡೋಪಾ ಇದೆ.

ಮಿದುಳು-ಮೇರು ದ್ರವ

ಮಿದುಳಿನ ಕುಹರಗಳಲ್ಲಿರುವ ಕೋರಾಯ್ಡ್ ಜಾಲವು ರಕ್ತದಿಂದ ಈ ದ್ರವವನ್ನು ಸ್ರವಿಸುತ್ತದೆ. ವಯಸ್ಕರಲ್ಲಿ ಸುಮಾರು 150 ಮಿ.ಲೀ. ದ್ರವವಿದ್ದು, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುತ್ತದೆ, ಹಳೆಯದು ಮರಳಿ ರಕ್ತವನ್ನು ಸೇರುತ್ತದೆ. ಜನರು 'ಬೆನ್ನಿನ ನೀರು ತೆಗೆಯುವುದು' ಎನ್ನುವ ಪರೀಕ್ಷೆಯಲ್ಲಿ ತೆಗೆದ ಅಲ್ಪ ದ್ರವವು ಕೆಲವು ಗಂಟೆಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮಿದುಳಿನ ಪೊರೆಗಳು ಸೋಂಕಿನಿಂದ ಉರಿಗೊಂಡಾಗ ತಡೆ ಸಡಿಲವಾಗಿ, ಸಾಮಾನ್ಯವಾಗಿ ಅಷ್ಟಾಗಿ ಒಳಸೇರದ ಪೆನಿಸಿಲಿನ್ ಹೆಚ್ಚು ಪ್ರಮಾಣದಲ್ಲಿ ಈ ದ್ರವವನ್ನು ಸೇರುತ್ತದೆ.

ಕೀಟನಾಶಕಗಳು ಮತ್ತು ಮಿದುಳು

ಕ್ಲೋರ್‌ಪೈರಿಫಾಸ್‌ನಂತಹ ಆರ್ಗನೋಫಾಸ್ಫರಸ್ ಕೀಟನಾಶಕಗಳು ಕೊಬ್ಬಿನಲ್ಲಿ ಕರಗುವುದರಿಂದ ಚರ್ಮವನ್ನೂ ರಕ್ತ-ಮಿದುಳು ತಡೆಯನ್ನೂ ದಾಟುತ್ತವೆ. ಅವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುವುದರಿಂದ ನರಗಳ ನಡುವೆ ಅಸಿಟೈಲ್‌ಕೋಲಿನ್ ಸಂಗ್ರಹವಾಗುತ್ತದೆ. ಬೆವರು, ಜೊಲ್ಲು, ವಾಂತಿ, ಕಣ್ಣಪಾಪೆ ಕಿರಿದಾಗುವುದು ಇದರ ಲಕ್ಷಣಗಳು. ವಿಷವು ಮಿದುಳನ್ನು ತಲುಪಿದಾಗ ಗೊಂದಲ, ಸೆಳೆತ, ಪ್ರಜ್ಞಾಹೀನತೆ ಹಾಗೂ ಉಸಿರಾಟದ ಸ್ತಂಭನ ಉಂಟಾಗಬಹುದು.

ಚಿಕಿತ್ಸೆಯಲ್ಲಿಯೂ ಈ ತಡೆಯ ಪಾತ್ರವಿದೆ. ಅಟ್ರೋಪಿನ್ ತಡೆಯನ್ನು ದಾಟಿ ಮಿದುಳಿನಲ್ಲಿಯೂ ಕೆಲಸ ಮಾಡುತ್ತದೆ. ಕಿಣ್ವವನ್ನು ಪುನಶ್ಚೇತನಗೊಳಿಸುವ ಪ್ರಾಲಿಡಾಕ್ಸಿಮ್ ಧನಾವೇಶವುಳ್ಳ ಅಣುವಾದ್ದರಿಂದ ಅತ್ಯಲ್ಪವಾಗಿ ಮಾತ್ರ ದಾಟುತ್ತದೆ. ಒಳಹೊಕ್ಕ ವಿಷವನ್ನು ಮಿದುಳಿನಿಂದ ಹೊರತೆಗೆಯುವ ಸುಲಭ ಮಾರ್ಗವಿಲ್ಲ. ಆದ್ದರಿಂದ 'ಎಣ್ಣೆ ಹೊಡೆಯುವಾಗ' ಕೈಗವಸು, ಮುಖಗವಸು ಮತ್ತು ಮೈತುಂಬ ಬಟ್ಟೆ ಧರಿಸುವುದೇ ಮೊದಲ ರಕ್ಷಣೆ. ಔಷಧ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಸೋಪು-ನೀರಿನಿಂದ ಚರ್ಮವನ್ನು ತೊಳೆಯಬೇಕು. ಲಕ್ಷಣಗಳು ಕಂಡರೆ ವಾಂತಿ ಮಾಡಿಸಲು ಯತ್ನಿಸದೆ, ಔಷಧದ ಡಬ್ಬಿ ಅಥವಾ ಅದರ ಚೀಟಿಯೊಂದಿಗೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.