ಲಗ್ನಪತ್ರಿಕೆ ಹೆಸರಲ್ಲಿ ಬರುವ ಕಳ್ಳ ಆ್ಯಪ್



ಗುರುತಿನವರ ನಂಬರಿನಿಂದ ‘ಮದುವೆಗೆ ತಪ್ಪದೆ ಬನ್ನಿ’ ಅಂತ ವಾಟ್ಸಾಪ್ ಬಂತು ಅನ್ನಿ. ಯಾರ ಮದುವೆ ನೋಡೋಣ ಅಂತ ಒತ್ತಿಬಿಡುತ್ತೇವೆ. ತಡೆಯಿರಿ. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಲಗ್ನಪತ್ರಿಕೆಯಲ್ಲ, ಆ್ಯಪ್. ಪತ್ರಿಕೆಯಾದರೆ ಫೋಟೋ ಇಲ್ಲವೇ ಪಿಡಿಎಫ್ ಇರುತ್ತದೆ.

ಈ ಆ್ಯಪ್ ನಮ್ಮ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ, ನಾವು ಯಾರಿಗೂ ಹೇಳದಿದ್ದರೂ ಬ್ಯಾಂಕಿನ ಓಟಿಪಿ ಕಳ್ಳನ ಕೈಸೇರುತ್ತದೆ. ನಮ್ಮ ನಂಬರಿನಿಂದಲೇ ಪರಿಚಯದವರಿಗೂ ಅದೇ ಫೈಲ್ ಹೋಗಬಹುದು.

2024ರಲ್ಲಿ ವಾಹನ ದಂಡದ ಚಲನ್ ಹೆಸರಿನ ಇಂಥದೇ ಆ್ಯಪ್ 4,400ಕ್ಕೂ ಹೆಚ್ಚು ಫೋನುಗಳಿಗೆ ಹೊಕ್ಕಿತ್ತೆಂದು ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ತಿಳಿಸಿತು. ಗುಜರಾತಿನ ನಂತರ ಹೆಚ್ಚು ಬಾಧೆ ಕರ್ನಾಟಕಕ್ಕೇ.

ಸಂಘದ ಖಾತೆಗೆ ಜೋಡಿಸಿದ್ದು ಪ್ರತಿನಿಧಿಯ ಮೊಬೈಲಾದರೆ, ವಾರವಾರ ಕೂಡಿಟ್ಟ ಎಲ್ಲರ ಉಳಿತಾಯಕ್ಕೂ ಕುತ್ತು. ಆದ್ದರಿಂದ:

1. ಫೈಲ್ ಕಳಿಸಿದವರಿಗೆ ಫೋನ್ ಮಾಡಿ ಕೇಳಿ.
2. ಪ್ಲೇಸ್ಟೋರ್‌ನಿಂದ ಮಾತ್ರ ಆ್ಯಪ್ ಹಾಕಿಕೊಳ್ಳಿ.
3. ತಪ್ಪಿ ಹಾಕಿಕೊಂಡಿದ್ದರೆ ತಕ್ಷಣ ಇಂಟರ್ನೆಟ್ ಬಂದ್ ಮಾಡಿ, ಸಿಮ್ ತೆಗೆಯಿರಿ.
4. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಜೋಯಿಡಾ ಕಡೆಯ ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಸಿಗ್ನಲ್ ಇರುವ ಜಾಗಕ್ಕೆ ಹೋಗಿಯಾದರೂ ಕರೆ ಮಾಡಿ; ತಡವಾದಷ್ಟೂ ಹಣ ತಡೆಯುವುದು ಕಷ್ಟ. ದಾಂಡೇಲಿ, ಹಳಿಯಾಳ, ಮುಂಡಗೋಡದ ಸಂಘಗಳೂ 1930 ನಂಬರನ್ನು ನಡಾವಳಿ ಪುಸ್ತಕದ ಮೇಲೆ ಬರೆದಿಡಿ.

ಮನೆಯಲ್ಲಿ ಬೈತಾರೆ ಅಂತ ಮುಚ್ಚಿಡಬೇಡಿ. ಮೋಸ ಮಾಡಿದವರದು ತಪ್ಪು, ಮೋಸ ಹೋದವಳದಲ್ಲ. ಮುಂದಿನ ಸಭೆಯಲ್ಲಿ ಇದನ್ನು ಓದಿ ಎಲ್ಲರಿಗೂ ತಿಳಿಸಿ.